ಪಾಮರ್ ಮನೆತನ, ಮರದ ವ್ಯಾಪಾರ ಮತ್ತು ಮೆಡೋಸ್ ಟೇಲರನ ಬದುಕು

ಕಲ್ಯಾಣ ಕರ್ನಾಟಕದ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯಲ್ಲಿ ಫಿಲಿಪ್ ಮೆಡೋಸ್ ಟೇಲರನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಸುರಪುರದ ಟೇಲರ್ ಮಂಜಿಲನ್ನು ಕಂಡವರಿಗೆ ಅವನು ಆಡಳಿತಗಾರ. ಇಂಗ್ಲಿಷ್ ಸಾಹಿತ್ಯದ ಅಭ್ಯಾಸಿಗಳಿಗೆ ಕಾದಂಬರಿಕಾರ. ಪುರಾತತ್ವ ವಿದ್ವಾಂಸರಿಗೆ ದಖನ್ನಿನ ಬೃಹತ್ ಶಿಲಾಸಮಾಧಿಗಳನ್ನು ಅಗೆದು ನೋಡಿದ ಮೊದಲಿಗರಲ್ಲಿ ಒಬ್ಬ. ಈ ಮೂರು ಮುಖಗಳಷ್ಟೇ ಮುಖ್ಯವಾದ ನಾಲ್ಕನೆಯದೊಂದಿದೆ. ಅವನು ಹೈದರಾಬಾದಿನ ಪಾಮರ್ ಮನೆತನದ ಅಳಿಯ. ಮರದ ವ್ಯಾಪಾರ ಮತ್ತು ಲೇವಾದೇವಿಯಿಂದ ಬೆಳೆದು, ನಿಜಾಮನ ರಾಜ್ಯವನ್ನೇ ಸಾಲಗಾರನನ್ನಾಗಿಸಿ, ಕೊನೆಗೆ ತಾನೇ ಕುಸಿದುಬಿದ್ದ ವಿಲಿಯಂ ಪಾಮರ್ ಕಂಪನಿಯ ಒಡೆಯನ ಮಗಳನ್ನು ಅವನು ಮದುವೆಯಾಗಿದ್ದನು. ಈ ಸಂಬಂಧವನ್ನು ಎದುರಿಗಿಟ್ಟುಕೊಂಡು ಟೇಲರನ ಬದುಕನ್ನು ಮರಳಿ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಜೋಳ, ತೊಗರಿ ಬೆಳೆಯುವ ಬಯಲುನಾಡು. ದಟ್ಟ ಕಾಡನ್ನು ಕಾಣದ ಈ ಎರೆಭೂಮಿಗೂ ತೇಗದ ಮರ ಕಡಿದು ಮಾರುವ ಕಂಪನಿಗೂ ಎತ್ತಣಿಂದೆತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಸಂಬಂಧವಿರುವುದು ಮರದಲ್ಲಲ್ಲ, ಸಾಲದಲ್ಲಿ. ಆ ಸಾಲದ ಎಳೆಯನ್ನು ಹಿಡಿದು ಹೊರಟರೆ ಗೋದಾವರಿಯ ಕಾಡಿನಿಂದ ಭೀಮೆಯ ದಡದವರೆಗೆ ಒಂದು ದಾರಿ ತೆರೆದುಕೊಳ್ಳುತ್ತದೆ.

ಪಾಮರ್ ಮನೆತನ

ಮನೆತನದ ಮೂಲಪುರುಷ ಜನರಲ್ ವಿಲಿಯಂ ಪಾಮರ್. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿದ್ದ ಇವನು ವಾರನ್ ಹೇಸ್ಟಿಂಗ್ಸನ ಆಪ್ತ ವಲಯದವನು. ಮುಂದೆ ಪುಣೆಯ ಪೇಶ್ವೆಯ ಆಸ್ಥಾನದಲ್ಲಿ ರೆಸಿಡೆಂಟನಾಗಿದ್ದವನು. ಇವನ ಸಂಗಾತಿ ಫೈಜ್ ಬಕ್ಷ್ ಬೇಗಂ. ಈ ದಂಪತಿಗಳ ಮಗ ಎರಡನೆಯ ವಿಲಿಯಂ ಪಾಮರ್ 1780ರಲ್ಲಿ ಹುಟ್ಟಿದನು. ತಂದೆ ಆಂಗ್ಲ, ತಾಯಿ ಮುಸಲ್ಮಾನ ಮನೆತನದವಳು. ಇಂಥ ಮಿಶ್ರ ಸಂತಾನದವರಿಗೆ ಕಂಪನಿಯ ಉನ್ನತ ಹುದ್ದೆಗಳು ಮುಚ್ಚಿಹೋಗಿದ್ದ ಕಾಲವದು. ಆದ್ದರಿಂದ ಅವನು ನಿಜಾಮನ ಸೇನೆಯನ್ನು ಸೇರಿ ಕೆಲವು ವರ್ಷ ದುಡಿದು, 1810ರ ನಂತರದ ವರ್ಷಗಳಲ್ಲಿ ಹೈದರಾಬಾದಿನಲ್ಲಿ ತನ್ನ ಹೆಸರಿನ ವ್ಯಾಪಾರಸಂಸ್ಥೆಯನ್ನು ತೆರೆದನು. ಅವನ ಸೋದರ ಹೇಸ್ಟಿಂಗ್ಸ್ ಪಾಮರ್, ಗುಜರಾತಿ ಸಾಹುಕಾರ ಬಂಕಟಿದಾಸ್, ಸ್ವಲ್ಪ ಕಾಲದ ಮೇಲೆ ಸರ್ ವಿಲಿಯಂ ರಂಬೋಲ್ಡ್ ಇದರಲ್ಲಿ ಪಾಲುದಾರರಾದರು. ಕಲಕತ್ತೆಯ ದೊಡ್ಡ ವರ್ತಕನೆಂದು ಹೆಸರಾಗಿದ್ದ ಜಾನ್ ಪಾಮರ್ ವಿಲಿಯಮನ ಮಲಸೋದರ. ಹೀಗೆ ಒಂದೇ ಕುಟುಂಬದ ಕೈ ಎರಡು ರಾಜಧಾನಿಗಳ ಪೇಟೆಯಲ್ಲಿತ್ತು.

ಕಂಪನಿಯ ಆರಂಭದ ಉದ್ಯಮಗಳಲ್ಲಿ ಮರದ ವ್ಯಾಪಾರವೂ ಒಂದು. ಗೋದಾವರಿಯ ದಡದ ಕಾಡುಗಳಿಂದ ತೇಗವನ್ನು ಇಳಿಸಿ ಕರಾವಳಿಯ ಹಡಗು ಕಟ್ಟುವ ನೆಲೆಗಳಿಗೆ ಒದಗಿಸುವ ಯೋಜನೆ ಅದರದಾಗಿತ್ತು. ಬ್ರಿಟಿಷ್ ಸರ್ಕಾರದ ಅನುಮತಿ ಕೋರುವಾಗ ಇಂಥ ಉದ್ಯಮ ದೇಶದ ವಾಣಿಜ್ಯಕ್ಕೆ ಅನುಕೂಲವೆಂಬ ವಾದಕ್ಕೆ ಬಲವಿತ್ತು. ಮರದ ವ್ಯಾಪಾರದ ಸ್ವರೂಪವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಮರದ ಬುಡದ ಸುತ್ತ ತೊಗಟೆ ಕೆತ್ತಿ, ನಿಂತಲ್ಲೇ ಒಣಗಲು ಒಂದೆರಡು ವರ್ಷ ಬಿಟ್ಟು, ಅನಂತರ ಕಡಿದು, ತೆಪ್ಪ ಕಟ್ಟಿ, ಮಳೆಗಾಲದ ಪ್ರವಾಹಕ್ಕೆ ಕಾದು ನದಿಗೆ ಬಿಡಬೇಕು. ಗೋದಾವರಿಯಲ್ಲಿ ನಡುನಡುವೆ ಬಂಡೆಗಳ ತಡೆಗಳೂ ಉಂಟು. ಹಾಕಿದ ಬಂಡವಾಳ ಮರಳಿ ಕೈಗೆ ಬರಲು ವರ್ಷಗಳೇ ಬೇಕು. ಇದಕ್ಕೆ ಹೋಲಿಸಿದರೆ ಹಣದ ಮುಗ್ಗಟ್ಟಿನಲ್ಲಿರುವ ಸರ್ಕಾರಕ್ಕೆ ಸಾಲ ಕೊಟ್ಟು ಬಡ್ಡಿ ಪಡೆಯುವುದು ಬೇಗನೆ ಫಲ ಕೊಡುವ ಕೆಲಸ. ಕಂಪನಿಯು ಮರದಿಂದ ಲೇವಾದೇವಿಗೆ ವಾಲಲು ಈ ವ್ಯತ್ಯಾಸವೂ ಒಂದು ಕಾರಣವಾಗಿರಬೇಕೆಂದು ಊಹಿಸಬಹುದು.

ದೇಶೀಯ ಅರಸರಿಗೆ ಯುರೋಪಿಯನ್ನರು ಸಾಲ ಕೊಡುವುದನ್ನು ಬ್ರಿಟಿಷ್ ಪಾರ್ಲಿಮೆಂಟು 1797ರ ಕಾನೂನಿನಿಂದ ನಿರ್ಬಂಧಿಸಿತ್ತು. ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನು 1816ರಲ್ಲಿ ಪಾಮರ್ ಕಂಪನಿಗೆ ಈ ನಿರ್ಬಂಧದಿಂದ ವಿನಾಯಿತಿ ಕೊಟ್ಟನು. ರಂಬೋಲ್ಡನ ಪತ್ನಿ ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದವಳೆಂಬುದು ಮುಂದೆ ದೊಡ್ಡ ಅಪವಾದಕ್ಕೆ ಎಡೆಮಾಡಿತು. ನಿಜಾಮ ಸಿಕಂದರ್ ಜಾಹನ ಕಾಲದಲ್ಲಿ ರಾಜ್ಯದ ಹಣಕಾಸು ಚಂದೂಲಾಲನ ಕೈಯಲ್ಲಿತ್ತು. ಔರಂಗಾಬಾದ್ ಕಡೆಯಲ್ಲಿದ್ದ, ಬ್ರಿಟಿಷ್ ಅಧಿಕಾರಿಗಳ ನೇತೃತ್ವದ ಸೇನೆಗೆ ತಿಂಗಳು ತಿಂಗಳು ಸಂಬಳ ಒದಗಿಸುವ ಹೊಣೆಯನ್ನು ಕಂಪನಿ ವಹಿಸಿಕೊಂಡಿತು. ಅದಕ್ಕೆ ಪ್ರತಿಯಾಗಿ ಜಿಲ್ಲೆಗಳ ಕಂದಾಯವನ್ನು ಬರೆಸಿಕೊಂಡಿತು. 1820ರಲ್ಲಿ 60 ಲಕ್ಷ ರೂಪಾಯಿಗಳ ದೊಡ್ಡ ಸಾಲಕ್ಕೆ ಒಪ್ಪಿಗೆ ದೊರೆಯಿತು. ಅದೇ ವರ್ಷದ ಕೊನೆಗೆ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟಕಾಫನು ಲೆಕ್ಕಗಳನ್ನು ಕೆದಕಿದನು. ಈ ಸಾಲ ರಾಜ್ಯವನ್ನು ಎತ್ತುವುದಿಲ್ಲ, ಮುಳುಗಿಸುತ್ತದೆ ಎಂಬುದು ಅವನ ನಿಲುವಾಗಿತ್ತು. ಉತ್ತರ ಸರ್ಕಾರಗಳಿಗಾಗಿ ಬ್ರಿಟಿಷರು ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿಗಳಂತೆ ಕೊಡುತ್ತಿದ್ದ ಪೇಶ್ಕಶ್ 1823ರಲ್ಲಿ ಒಂದೇ ಗಂಟಿನ ಮೊತ್ತವಾಗಿ ತೀರಿಹೋಯಿತು. ಆ ಹಣದಿಂದ ಪಾಮರನ ಸಾಲ ಸಂದಾಯವಾಯಿತು. ಸರ್ಕಾರದ ವ್ಯವಹಾರ ಕಳೆದುಕೊಂಡ ಕಂಪನಿ 1824ರಲ್ಲಿ ದಿವಾಳಿಯಾಯಿತು. ಇದಕ್ಕೆ ಸಂಬಂಧಿಸಿದ ಕಾಗದಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಮುದ್ರಣಗೊಂಡವು.

ಬಾಲ್ಯ ಮತ್ತು ಸೇನಾ ಪ್ರವೇಶ

ಟೇಲರನು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ ವರ್ತಕ ಮನೆತನದಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲೇ ವ್ಯಾಪಾರಿ ಕಚೇರಿಯೊಂದರ ಗುಮಾಸ್ತೆಯಾದನು. ಮುಂಬಯಿಯ ಬಾಕ್ಸ್ಟರ್ ಎಂಬ ವರ್ತಕನು ಹುಡುಗನನ್ನು ಕಳಿಸಿದರೆ ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಆಸೆ ತೋರಿಸಿದ್ದನು. ಹದಿನೈದು ವರ್ಷದ ಬಾಲಕ 1824ರ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದಿಳಿದಾಗ ತಿಳಿದದ್ದು ಬೇರೆಯೇ ಸಂಗತಿ: ಬಾಕ್ಸ್ಟರನ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದ ಬಂಧು ನ್ಯೂನ್‌ಹ್ಯಾಮನ ನೆರವಿನಿಂದ ನಿಜಾಮನ ಸೇನೆಯಲ್ಲಿ ಸ್ಥಾನ ದೊರೆತು, ಟೇಲರನು ಔರಂಗಾಬಾದಿಗೆ ನಡೆದನು.

ಇಲ್ಲಿ ಎರಡು ಕಾಲಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ವ್ಯಾಪಾರಸಂಸ್ಥೆ ಮುರಿಯುವ ಸ್ಥಿತಿಗೆ ಬಂದದ್ದರಿಂದ ಟೇಲರನು ಸೈನಿಕನಾದನು. ಅವನು ಸೇರಿದ ಸೇನೆಗೆ ಅದುವರೆಗೆ ಸಂಬಳದ ಹಣ ಹೊಂದಿಸಿದ್ದ ಇನ್ನೊಂದು ವ್ಯಾಪಾರಸಂಸ್ಥೆ ಅದೇ ವರ್ಷ ಮುರಿಯಿತು. ಆ ಎರಡನೆಯ ಸಂಸ್ಥೆಯ ಒಡೆಯನೇ ಮುಂದೆ ಅವನ ಮಾವನಾದನು. ಇದು ಕೇವಲ ಕಾಕತಾಳೀಯವಲ್ಲ. ಕಂಪನಿ ಸರ್ಕಾರದ ನೇರ ಸೇವೆಗೆ ಪ್ರವೇಶವಿಲ್ಲದ ಆಂಗ್ಲರಿಗೂ ಮಿಶ್ರ ಮನೆತನದವರಿಗೂ ನಿಜಾಮನ ರಾಜ್ಯವೇ ಬದುಕಿನ ದಾರಿಯಾಗಿತ್ತು. ಟೇಲರ್ ಮತ್ತು ಪಾಮರ್ ಸಂಧಿಸಿದ್ದು ಇಂಥ ನೆಲೆಯಲ್ಲಿ.

ಟೇಲರನಿಗೆ ಭಾಷೆಗಳನ್ನು ಕಲಿಯುವ ಶಕ್ತಿಯಿತ್ತು. ಹಿಂದೂಸ್ತಾನಿ, ಪಾರಸಿ ಭಾಷೆಗಳನ್ನು ಬೇಗನೆ ಕಲಿತನು. ಮರಾಠಿ, ಕನ್ನಡಗಳ ಪರಿಚಯವನ್ನೂ ಪಡೆದನು. ನೈಋತ್ಯ ಭಾಗದ ಪೊಲೀಸ್ ಅಧಿಕಾರಿಯಾಗಿ ತುಳಜಾಪುರ, ನಳದುರ್ಗಗಳ ಸುತ್ತ ಸಂಚರಿಸಿದನು. ಥಗ್ಗರ ಜಾಲದ ಸುಳಿವು ಅವನಿಗೆ ಸಿಕ್ಕಿದ್ದು ಈ ಕಾಲದಲ್ಲಿ. ತನಿಖೆ ಪೂರ್ಣಗೊಳ್ಳುವ ಮೊದಲೇ ಅವನನ್ನು ಸೇನೆಗೆ ಹಿಂದಕ್ಕೆ ಕರೆಸಲಾಯಿತು. ಆ ಕೀರ್ತಿ ಸ್ಲೀಮನನಿಗೆ ಸಂದಿತು. ಅವನ ಮೊದಲ ಕಾದಂಬರಿ 1839ರಲ್ಲಿ ಪ್ರಕಟವಾಗಿ ಅಮೀರ್ ಅಲಿ ಎಂಬ ಥಗ್ಗನ ತಪ್ಪೊಪ್ಪಿಗೆಯ ರೂಪದಲ್ಲಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತು. ಮರುವರ್ಷ ಟೀಪು ಸುಲ್ತಾನನನ್ನು ಕುರಿತ ಕಾದಂಬರಿ ಬಂದಿತು. 1840ರಿಂದ 1853ರವರೆಗೆ ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರನೂ ಆಗಿದ್ದನು.

ಮದುವೆ ಮತ್ತು ಅದರ ಪರಿಣಾಮ

1830ರ ದಶಕದ ಆರಂಭದಲ್ಲಿ ಟೇಲರನು ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ಆ ವೇಳೆಗೆ ಪಾಮರನ ಸಂಪತ್ತು ಕರಗಿತ್ತು. ಕಲಕತ್ತೆಯ ಜಾನ್ ಪಾಮರನ ಸಂಸ್ಥೆಯೂ 1830ರಲ್ಲಿ ಬಿದ್ದುಹೋಗಿತ್ತು. ಹಣದ ಲೆಕ್ಕದಿಂದ ನೋಡಿದರೆ ಈ ಮದುವೆಯಿಂದ ಟೇಲರನಿಗೆ ಲಾಭವಿರಲಿಲ್ಲ. ಹೆಂಡತಿಯ ಅಜ್ಜಿ ಬೇಗಂ ಎಂಬ ಕಾರಣಕ್ಕೆ ಆಂಗ್ಲ ಸಮಾಜದ ಓರೆನೋಟವೂ ಎದುರಾಗುವ ಸಂಭವವಿತ್ತು. ಆದರೂ ಪಾಮರನ ಮನೆ ಹೈದರಾಬಾದಿನಲ್ಲಿ ಆಂಗ್ಲರೂ ದೇಶೀಯರೂ ಸಮನಾಗಿ ಕುಳಿತು ಮಾತನಾಡುತ್ತಿದ್ದ ಅಪರೂಪದ ಮನೆಯಾಗಿತ್ತು. ಟೇಲರನ ಬರವಣಿಗೆಯಲ್ಲಿ ಮುಸಲ್ಮಾನ ಅಂತಃಪುರ, ದಖನ್ನಿನ ಶ್ರೀಮಂತ ಮನೆಗಳ ಮಾತುಕತೆ ಇವೆಲ್ಲ ಹೊರಗಿನವನ ಕುತೂಹಲವನ್ನು ಮೀರಿ ಒಳಗಿನ ಪರಿಚಯದಿಂದ ಬರುವುದಕ್ಕೆ ಈ ಮನೆಯ ಒಡನಾಟವೂ ಕಾರಣವೆಂದು ತಿಳಿಯುವುದು ಸಮಂಜಸ. ಅವನ 1872ರ ಕಾದಂಬರಿ ಸೀತಾದಲ್ಲಿ ಆಂಗ್ಲ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. 1857ರ ಕಹಿ ಇನ್ನೂ ಆರದ ಕಾಲದಲ್ಲಿ ಇಂಥ ಕಥಾವಸ್ತುವನ್ನು ಎತ್ತಿಕೊಂಡವನು ಬೇಗಮಳ ಮೊಮ್ಮಗಳ ಗಂಡ ಎಂಬುದನ್ನು ವಿಮರ್ಶಕರು ಮರೆಯಬಾರದು.

ಮೇರಿ 1840ರ ದಶಕದ ಮಧ್ಯದಲ್ಲಿ ತೀರಿಕೊಂಡಳು. ಟೇಲರನು ಮತ್ತೆ ಮದುವೆಯಾಗಲಿಲ್ಲ. ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದ ಹೆಣ್ಣುಮಕ್ಕಳಿಗೂ ಸುರಪುರದಲ್ಲಿ ಒಂಟಿಯಾಗಿದ್ದ ತಂದೆಗೂ ನಡುವೆ ಸಮುದ್ರವಿತ್ತು.

ಸುರಪುರದಲ್ಲಿ

ಸುರಪುರದ ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪನಾಯಕನು ಇನ್ನೂ ಬಾಲಕ. ರಾಣಿ ಈಶ್ವರಮ್ಮ ಒಂದು ಕಡೆ, ಮೃತ ರಾಜನ ಸೋದರ ಪಿಡ್ಡನಾಯಕ ಇನ್ನೊಂದು ಕಡೆ ಆಡಳಿತಕ್ಕಾಗಿ ನಿಂತರು. ರೆಸಿಡೆಂಟ್ ಜನರಲ್ ಫ್ರೇಸರನು 1841ರ ಕೊನೆಗೆ ಟೇಲರನನ್ನು ಅಲ್ಲಿಗೆ ಕಳುಹಿಸಿದನು. ಅಂದಿನಿಂದ 1853ರವರೆಗೆ ಅವನು ಸಂಸ್ಥಾನದ ವ್ಯವಹಾರವನ್ನು ನೋಡಿಕೊಂಡನು.

ಸುರಪುರದ ಮುಖ್ಯ ರೋಗ ಸಾಲವಾಗಿತ್ತು. ನಿಜಾಮ ಸರ್ಕಾರಕ್ಕೆ ಸಲ್ಲಬೇಕಾದ ನಜರಾಣೆಯ ಬಾಕಿ ಬೆಳೆಯುತ್ತಲೇ ಇತ್ತು. ಅದನ್ನು ತೀರಿಸಲು ಹಳ್ಳಿಗಳನ್ನು ಹಿಂಡಬೇಕು, ಹಿಂಡಿದಷ್ಟೂ ರೈತ ಓಡಿಹೋಗುವನು, ರೈತ ಹೋದರೆ ಕಂದಾಯ ಇಳಿಯುವುದು, ಮತ್ತೆ ಸಾಲ. ಪಾಮರ್ ಕಂಪನಿಯ ಕಾಲದಲ್ಲಿ ಇಡೀ ಹೈದರಾಬಾದ್ ರಾಜ್ಯ ಸಿಕ್ಕಿಕೊಂಡಿದ್ದ ಸುಳಿಯೇ ಇಲ್ಲಿ ಚಿಕ್ಕ ಪ್ರಮಾಣದಲ್ಲಿತ್ತು. ಆ ಸುಳಿಯನ್ನು ಟೇಲರನು ಮಾವನ ಮನೆಯ ಕಥೆಯಾಗಿ ಬಲ್ಲವನು. ಅವನು ಹಿಡಿದ ದಾರಿ ಹೊಸ ಸಾಲದ್ದಲ್ಲ. ಬೇಸಾಯಕ್ಕೆ ನೀರು ಒದಗಿಸುವುದು, ರಸ್ತೆ ಮಾಡಿಸುವುದು, ಕಂದಾಯಕ್ಕೆ ಒಂದು ಕ್ರಮ ತರುವುದು. ಬೋನಾಳದ ಕೆರೆಯನ್ನು ಹಿಗ್ಗಿಸಿ ಕಟ್ಟಿಸಿದ ಕೆಲಸ ಇಂದಿಗೂ ಕಣ್ಣಿಗೆ ಕಾಣುತ್ತದೆ. ಈಗ ಅದು ಪಕ್ಷಿಧಾಮವೆಂದು ಪ್ರಸಿದ್ಧ. ಇವನ ಆಡಳಿತವನ್ನು ಹೊಗಳುವವರು ಇವನ ಸ್ವಭಾವದ ಸೌಜನ್ಯವನ್ನು ಕಾರಣವಾಗಿ ಹೇಳುತ್ತಾರೆ. ಸೌಜನ್ಯದ ಜೊತೆಗೆ ಸಾಲದ ಬಗೆಗಿನ ಈ ಕೌಟುಂಬಿಕ ಅನುಭವವನ್ನೂ ಸೇರಿಸಿಕೊಳ್ಳಬೇಕೆಂಬುದು ನನ್ನ ವಾದ.

ಈ ವರ್ಷಗಳಲ್ಲಿಯೇ ಅವನು ಭೀಮಾತೀರದ ಜೇವರ್ಗಿಯ ಹತ್ತಿರ ಪ್ರಾಚೀನ ಕಲ್ಗುಪ್ಪೆಗಳನ್ನು ಅಗೆಸಿದನು. ಫಿರೋಜಾಬಾದಿಗೆ ಸಮೀಪದ ಈ ಅವಶೇಷಗಳನ್ನು ಕುರಿತ ಅವನ ಲೇಖನ 1850ರ ಆಸುಪಾಸಿನಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಸ್ಥಿಪಂಜರ, ಮಡಕೆ, ಕಬ್ಬಿಣದ ಆಯುಧಗಳು ಯಾವ ಪದರದಲ್ಲಿ ಹೇಗೆ ಬಿದ್ದಿದ್ದವು ಎಂಬುದನ್ನು ಅವನು ಸೀಳುನಕ್ಷೆಯಲ್ಲಿ ತೋರಿಸಿದನು. ರಾಜನಕೋಳೂರಿನ ಕಲ್ಮನೆಗಳನ್ನು ಜನರು ಮೋರ್ಯರ ಮನೆಗಳೆಂದು ಕರೆಯುವುದನ್ನೂ ದಾಖಲಿಸಿದನು. ಇವನ್ನು ಯುರೋಪಿನ ಕೆಲ್ಟರು, ಸಿಥಿಯನ್ನರ ಸಮಾಧಿಗಳೊಂದಿಗೆ ಜೋಡಿಸಿದ ಅವನ ಸಿದ್ಧಾಂತ ಇಂದು ನಿಂತಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದವು. ಆದರೆ ಅವನ ಸೀಳುನಕ್ಷೆಗಳನ್ನು ಒಂದು ಶತಮಾನದ ನಂತರ ಮಾರ್ಟಿಮರ್ ವೀಲರನಂಥ ಪುರಾತತ್ವಜ್ಞನೂ ಮೆಚ್ಚಿಕೊಂಡನು. ಜೇವರ್ಗಿಯ ಹೆಸರು ಪುರಾತತ್ವದ ಚರಿತ್ರೆಯಲ್ಲಿ ಸೇರಿದ್ದು ಹೀಗೆ.

ನಳದುರ್ಗದಿಂದ ಮತ್ತೆ ಸುರಪುರಕ್ಕೆ

ಪಾಮರ್ ಕಂಪನಿ ಹೋದರೂ ಸೇನೆಯ ಸಂಬಳದ ಸಮಸ್ಯೆ ಹೋಗಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎನಿಸಿಕೊಂಡ ಆ ಸೇನೆಯ ವೆಚ್ಚದ ಬಾಕಿ ಬೆಳೆದು, 1853ರ ಒಪ್ಪಂದದ ಪ್ರಕಾರ ನಿಜಾಮ ನಾಸಿರುದ್ದೌಲನು ಬೇರಾರ್, ರಾಯಚೂರು ದೋಆಬ್ ಮತ್ತು ನಳದುರ್ಗದ ಕಡೆಯ ಪ್ರದೇಶಗಳನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಆಳಂದದಿಂದ ವಾಯವ್ಯಕ್ಕಿರುವ ನಳದುರ್ಗಕ್ಕೆ ಡೆಪ್ಯುಟಿ ಕಮಿಷನರನಾಗಿ ಬಂದವನು ಟೇಲರ್. ಮಾವನ ಕಾಲದಲ್ಲಿ ಸಾಲವಾಗಿ ಹುಟ್ಟಿದ್ದು ಅಳಿಯನ ಕಾಲದಲ್ಲಿ ಜಿಲ್ಲೆಯಾಗಿ ಅವನ ಕೈಗೆ ಬಂದಿತು ಎಂದರೆ ಅತಿಶಯೋಕ್ತಿಯಾಗದು. ಈ ನೆಲದ ನೆನಪಿನಿಂದಲೇ 1863ರಲ್ಲಿ ತಾರಾ ಎಂಬ ಕಾದಂಬರಿ ಹೊರಬಂದಿತು. ತುಳಜಾಪುರವೂ ವಿಜಾಪುರದ ಅಫಜಲಖಾನನೂ ಅದರಲ್ಲಿ ಬರುತ್ತಾರೆ. ಅಫಜಲಪುರದ ಹೆಸರನ್ನು ಈ ಖಾನನೊಂದಿಗೆ ಜೋಡಿಸುವ ಜನಪ್ರತೀತಿಯನ್ನು ನೆನೆದರೆ ಆ ಕೃತಿ ನಮ್ಮ ಭಾಗದ ಓದುಗರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

1857ರಲ್ಲಿ ಟೇಲರನನ್ನು ಬೇರಾರಿನ ಬುಲಢಾಣಕ್ಕೆ ವರ್ಗಾಯಿಸಲಾಯಿತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ರಾಜಾ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಎದ್ದನು. ಕ್ಯಾಪ್ಟನ್ ನ್ಯೂಬೆರಿ ಹೋರಾಟದಲ್ಲಿ ಸತ್ತನು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಬಾಲ್ಯದಿಂದ ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದ ತರುಣ ಈಗ ಬಂದಿ. ಅವನನ್ನು ಸೆರೆಮನೆಯಲ್ಲಿ ಕಂಡು ಮಾತನಾಡಿಸಿದವನೂ ಟೇಲರನೇ. ಮರಣದಂಡನೆ ಮೊದಲು ಗಡೀಪಾರಿಗೆ, ಅನಂತರ ನಾಲ್ಕು ವರ್ಷಗಳ ಬಂಧನಕ್ಕೆ ಇಳಿಯಿತು. ಚೆಂಗಲಪಟ್ಟಿಗೆ ಸಾಗಿಸುತ್ತಿದ್ದಾಗ ದಾರಿಯಲ್ಲಿ ಗುಂಡು ತಗಲಿ ರಾಜನು ಮೃತನಾದನು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದು ಚರ್ಚೆಯಾಗಿಯೇ ಉಳಿದಿದೆ.

ಕನ್ನಡದ ಇತಿಹಾಸಕಾರರು ವೆಂಕಟಪ್ಪನಾಯಕನನ್ನು ಸ್ವಾತಂತ್ರ್ಯವೀರನೆಂದು ಗುರುತಿಸಿರುವುದು ಯುಕ್ತವಾಗಿದೆ. ಟೇಲರನ ಬರಹದಲ್ಲಾದರೋ ಅವನು ದುಷ್ಟ ಸಲಹೆಗಾರರಿಗೂ ದುಂದುವೆಚ್ಚಕ್ಕೂ ಸಿಕ್ಕಿ ದಾರಿತಪ್ಪಿದ ಮಗ. ಪ್ರೀತಿ ನಿಜವಿರಬಹುದು, ಆದರೆ ಅದು ಪೋಷಕನ ಪ್ರೀತಿ. ಬೆಳೆದ ರಾಜನಿಗೆ ಸ್ವಂತ ರಾಜಕೀಯ ನಿಲುವು ಇರಬಹುದೆಂಬುದನ್ನು ಆ ಪ್ರೀತಿ ಒಪ್ಪಿಕೊಳ್ಳಲಿಲ್ಲ. ಟೇಲರನ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ.

ಕೊನೆಯ ವರ್ಷಗಳು

1858ರಲ್ಲಿ ಮತ್ತೆ ಸುರಪುರದ ಹೊಣೆ ಹೊತ್ತ ಟೇಲರನು ಆರೋಗ್ಯ ಕೆಟ್ಟು 1860ರಲ್ಲಿ ಸ್ವದೇಶಕ್ಕೆ ಮರಳಿದನು. ಅದೇ ವರ್ಷ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿತು. ಡಬ್ಲಿನ್ನಿನ ಹತ್ತಿರ ನೆಲೆಸಿ ಕಾದಂಬರಿಗಳನ್ನೂ 1870ರಲ್ಲಿ ಭಾರತದ ಇತಿಹಾಸದ ಕೈಪಿಡಿಯೊಂದನ್ನೂ ಬರೆದನು. ಮಾವ ವಿಲಿಯಂ ಪಾಮರ್ 1867ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡನು. ಟೇಲರನು ದೃಷ್ಟಿ ಕುಂದಿದ ಸ್ಥಿತಿಯಲ್ಲೂ 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇಲೆ ಹೈದರಾಬಾದಿಗೆ ಬಂದು ಹೋದನು. ಮರಳುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ 1876ರ ಮೇ 13ರಂದು ಕೊನೆಯುಸಿರೆಳೆದನು. ಚಾಂದಬೀಬಿಯನ್ನು ಕುರಿತ ಕಾದಂಬರಿ ಪುಸ್ತಕವಾಗಿ ಬಂದದ್ದು 1878ರಲ್ಲಿ, ಅವನ ಮರಣಾನಂತರ.

ಅವನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಅದನ್ನು ಸಂಪಾದಿಸಿದವಳು ಮಗಳು ಆಲಿಸ್. ಸುರಪುರದ ಚರಿತ್ರೆಗೆ ನಾವು ಬಹುಮಟ್ಟಿಗೆ ನೆಚ್ಚಿಕೊಂಡಿರುವ ಆಕರ ಇದೇ. ಆಲಿಸ್ ಟೇಲರನ ಮಗಳು ಮಾತ್ರವಲ್ಲ, ಪಾಮರನ ಮೊಮ್ಮಗಳು ಕೂಡ. ಆದ್ದರಿಂದ ಆ ಗ್ರಂಥದಲ್ಲಿ ಪಾಮರ್ ಕಂಪನಿಯ ಬಗ್ಗೆ ಬರುವ ಗೌರವದ ಮಾತುಗಳು ಒಬ್ಬ ಅಳಿಯನ ನೆನಪು, ಒಬ್ಬ ಮೊಮ್ಮಗಳ ಸಂಪಾದನೆ ಎಂಬ ಎರಡು ಜರಡಿಗಳನ್ನು ದಾಟಿ ಬಂದಿವೆ. ಇದರಿಂದ ಆಕರ ತ್ಯಾಜ್ಯವಾಗುವುದಿಲ್ಲ. ಮೆಟಕಾಫನ ಪಕ್ಷದ ಕಾಗದಗಳೂ ನಿಷ್ಪಕ್ಷವಲ್ಲ; ಮಿಶ್ರ ಮನೆತನದ ವರ್ತಕನ ಮೇಲಿನ ತಾತ್ಸಾರ ಅಂದಿನ ಅಧಿಕಾರಿ ವರ್ಗದಲ್ಲಿ ಇದ್ದೇ ಇತ್ತು. ಎರಡನ್ನೂ ಎದುರುಬದುರಾಗಿಟ್ಟು ಓದುವುದೊಂದೇ ದಾರಿ.

ಒಟ್ಟಾರೆ ಹೇಳುವುದಾದರೆ, ಟೇಲರನನ್ನು ಒಂಟಿ ವ್ಯಕ್ತಿಯಾಗಿ ನೋಡುವ ಪರಿಪಾಠವನ್ನು ಬಿಟ್ಟು ಒಂದು ಮನೆತನದ, ಒಂದು ಕಂಪನಿಯ, ಒಂದು ಸಾಲದ ಚರಿತ್ರೆಯೊಳಗೆ ಇಟ್ಟು ನೋಡಿದಾಗ ಅವನ ಗುಣವೂ ಮಿತಿಯೂ ಹೆಚ್ಚು ನಿಚ್ಚಳವಾಗುತ್ತವೆ. ಗೋದಾವರಿಯಲ್ಲಿ ತೇಲಿಬಿಡಲು ಯೋಜಿಸಿದ ಮರದ ದಿಮ್ಮಿಗಳಿಗೆ ಹೂಡಿದ ಬಂಡವಾಳ ಕೊನೆಗೆ ನಿಜಾಮನ ಬೊಕ್ಕಸವನ್ನು ಹಿಡಿಯಿತು. ಆ ಬೊಕ್ಕಸದ ಭಾರವನ್ನು ಹೊತ್ತವರು ಹಳ್ಳಿಹಳ್ಳಿಯ ಒಕ್ಕಲಿಗರು. ಆಳಂದ, ಅಫಜಲಪುರ, ಜೇವರ್ಗಿ ಭಾಗದ ಗೌಡ, ಕುಲಕರ್ಣಿ, ದೇಶಮುಖ ಮನೆತನಗಳಲ್ಲಿ ಹಳೆಯ ದಫ್ತರಗಳು ಉಳಿದಿದ್ದರೆ, ಮೋಡಿ ಮತ್ತು ಪಾರಸಿ ಬಲ್ಲವರ ನೆರವಿನಿಂದ ಅವನ್ನು ಓದಿಸುವ ಕೆಲಸ ನಡೆಯಬೇಕು. ಪಾಮರನ ಮನೆಯವರು ತಮ್ಮ ಕಥೆಯನ್ನು ಬರೆದಿಟ್ಟರು, ರೆಸಿಡೆಂಟರು ತಮ್ಮದನ್ನು ಬರೆದಿಟ್ಟರು. ಆ ಸಾಲವನ್ನು ಬೆಳೆಯಿಂದ ತೀರಿಸಿದವರ ಲೆಕ್ಕ ಇನ್ನೂ ಬರೆಯಬೇಕಾಗಿದೆ.